ಲೂಕಾಸ್ ವೈಪರ್ ಮೋಟಾರ್: ಹಳೆಯ ಕಾರುಗಳಲ್ಲಿ ದುರಸ್ತಿ ಮತ್ತು ಬದಲಾವಣೆ

ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಂಪನಿ ತಯಾರಿಸಿದ, ಕಾರಿನ ಮುಂಗಾಜು ಒರೆಸುವ ಬ್ಲೇಡುಗಳನ್ನು ಆಡಿಸುವ ವಿದ್ಯುತ್ ಮೋಟಾರು. ಸಾಮಾನ್ಯವಾಗಿ ಒಂದೇ ವೇಗದ ಡಿಆರ್ 3ಎ ಮತ್ತು ಅದರ ನಂತರ ಬಂದ, ಹೆಚ್ಚಾಗಿ ಎರಡು ವೇಗದ 14ಡಬ್ಲ್ಯು ಇದರ ಮುಖ್ಯ ಮಾದರಿಗಳು. ಹಳೆಯ ಬ್ರಿಟಿಷ್ ಕಾರುಗಳನ್ನು ಉಳಿಸಿಕೊಂಡವರ ಕೈಗೆ ಹೆಚ್ಚಾಗಿ ಸಿಗುವುದು ಇವೇ. ಎರಡನ್ನೂ ಬಿಚ್ಚಿ ರಿಪೇರಿ ಮಾಡಲು ಅನುವಾಗುವಂತೆಯೇ ಕಟ್ಟಲಾಗಿದೆ. ಸುಟ್ಟುಹೋಗಿದೆ ಎಂದು ಮೂಲೆಗೆ ಬೀಳುವ ಮೋಟಾರುಗಳಲ್ಲಿ ಹಲವು ನಿಜವಾಗಿ ಸುಟ್ಟಿರುವುದಿಲ್ಲ.

ಹಿನ್ನೆಲೆ

ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಕೈಯಿಂದ ಆಡಿಸುವ ವೈಪರಿಗೆ ಪೇಟೆಂಟ್ ಪಡೆದರು. ಮುಂದೆ ಎಂಜಿನ್ನಿನ ನಿರ್ವಾತದಿಂದ ನಡೆಯುವ ವೈಪರುಗಳು ಬಂದವು. ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ನಿರ್ವಾತ ಕುಸಿದು ಇವು ನಿಧಾನವಾಗುತ್ತಿದ್ದವು. ಜರ್ಮನಿಯ ಬಾಷ್ 1926ರಲ್ಲಿ ವಿದ್ಯುತ್ ವೈಪರನ್ನು ಮಾರುಕಟ್ಟೆಗೆ ತಂದಿತು. ಲೂಕಾಸ್ ಮಾದರಿಗಳ ವಿಷಯಕ್ಕೆ ಬಂದರೆ, ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು (1962–80) ಮೊದಲು ಡಿಆರ್ 3ಎ ಹೊತ್ತು ಬಂದು, 1967ರ ಕೊನೆಗೆ ಬಂದ ಎರಡನೇ ಆವೃತ್ತಿಯಿಂದ 14ಡಬ್ಲ್ಯುಗೆ ಬದಲಾಯಿತು. ಭಾರತದಲ್ಲಿ ಲೂಕಾಸ್ ಮತ್ತು ಟಿವಿಎಸ್ ಸಮೂಹ ಸೇರಿ 1961ರಲ್ಲಿ ವಾಹನಗಳ ವಿದ್ಯುತ್ ಭಾಗ ತಯಾರಿಸುವ ಲೂಕಾಸ್–ಟಿವಿಎಸ್ ಕಂಪನಿಯನ್ನು ಸ್ಥಾಪಿಸಿದವು.

ರಚನೆ

ಮೋಟಾರಿನ ತಿರುಗುವ ಭಾಗವಾದ ಆರ್ಮೇಚರಿನ ದಂಡದ ತುದಿಯಲ್ಲಿರುವ ವರ್ಮ್ ಎಂಬ ತಿರುಪುಗಿಯರು ಒಂದು ಗಿಯರ್ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಮೇಲಿನ ಕ್ರ್ಯಾಂಕ್ ಪಿನ್ನು ಒಂದು ಕೇಬಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಈ ಕೇಬಲಿಗೆ ಸುರುಳಿಯಾಗಿ ತಂತಿ ಸುತ್ತಿರುವುದರಿಂದ ಅದು ಬಾಗಬಲ್ಲ ಹಲ್ಲುಪಟ್ಟಿಯಾಗಿ ಕೆಲಸ ಮಾಡುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ರ‍್ಯಾಕ್ ಎನ್ನುತ್ತಾರೆ. ಉಕ್ಕಿನ ಕೊಳವೆಯೊಳಗೆ ಸಾಗುವ ರ‍್ಯಾಕ್, ಗಾಜಿನ ಬುಡದಲ್ಲಿರುವ ಎರಡು ವೀಲ್‌ಬಾಕ್ಸ್‌ಗಳ ಪುಟ್ಟ ಗಿಯರುಗಳನ್ನು ತಿರುಗಿಸಿ ಬ್ಲೇಡಿನ ತೋಳುಗಳನ್ನು ಆಡಿಸುತ್ತದೆ.

ಡಿಆರ್ 3ಎಯಲ್ಲಿ ಕಾಂತಕ್ಷೇತ್ರ ಸುರುಳಿಯಿಂದ ಹುಟ್ಟುತ್ತದೆ. ಬ್ಯಾಟರಿ ತಂತಿಗಳನ್ನು ಅದಲುಬದಲು ಮಾಡಿದರೆ ಕ್ಷೇತ್ರವೂ ಆರ್ಮೇಚರೂ ಒಟ್ಟಿಗೆ ತಿರುಗುಮುರುಗಾಗುವುದರಿಂದ ಮೋಟಾರು ಅದೇ ದಿಕ್ಕಿನಲ್ಲಿ ಓಡುತ್ತದೆ. ಪಾಸಿಟಿವ್ ಅರ್ತ್ ಕಾರನ್ನು (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವುದು) ನೆಗೆಟಿವ್ ಅರ್ತ್‌ಗೆ ಬದಲಿಸುವವರು ಇದನ್ನು ಮುಟ್ಟಬೇಕಿಲ್ಲ. 14ಡಬ್ಲ್ಯುಯಲ್ಲಿ ಇರುವುದು ಶಾಶ್ವತ ಅಯಸ್ಕಾಂತ. ಅದರ ತಂತಿ ತಿರುಗಾಮುರುಗಾ ಆದರೆ ಮೋಟಾರು ಹಿಮ್ಮುಖವಾಗಿ ಓಡುತ್ತದೆ.

ಮೂರು ಬ್ರಷ್ ಮತ್ತು ಸ್ವಯಂ ನಿಲುಗಡೆ

ತಿರುಗುವ ಆರ್ಮೇಚರಿಗೆ ವಿದ್ಯುತ್ ಮುಟ್ಟಿಸುವ ಇಂಗಾಲದ ತುಂಡುಗಳೇ ಬ್ರಷ್ಷುಗಳು; 14ಡಬ್ಲ್ಯು ಎರಡು ವೇಗ ಕೊಡುವುದು ಮೂರನೇ ಬ್ರಷ್ಷಿನಿಂದ. ನಿಧಾನ ವೇಗದಲ್ಲಿ ಎದುರುಬದುರಾಗಿರುವ ಎರಡು ಬ್ರಷ್ಷುಗಳ ನಡುವೆ ವಿದ್ಯುತ್ ಹರಿಯುತ್ತದೆ. ಸ್ವಿಚ್ಚನ್ನು ಮುಂದಿನ ಹಂತಕ್ಕೆ ಒತ್ತಿದಾಗ ಒಂದರ ಬದಲು ಪಕ್ಕಕ್ಕೆ ಸರಿದು ಕೂತಿರುವ ಮೂರನೆಯದು ಕೆಲಸಕ್ಕೆ ಬರುತ್ತದೆ. ಆಗ ಎದುರೊತ್ತುವ ವೋಲ್ಟೇಜು ಹುಟ್ಟಿಸುವ ಸುತ್ತುಗಳ ಸಂಖ್ಯೆ ಕಡಿಮೆಯಾಗುವುದರಿಂದ, ಅಷ್ಟೇ ವೋಲ್ಟೇಜನ್ನು ಸರಿದೂಗಿಸಲು ಆರ್ಮೇಚರ್ ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ರ‍್ಯಾಕ್ ಬಿಡಿಸಿ ಓಡಿಸಿದಾಗ ಗಿಯರ್ ಚಕ್ರದ ವೇಗ ನಿಮಿಷಕ್ಕೆ 46–52 ಸುತ್ತಿನಿಂದ 60–70ಕ್ಕೆ ಏರುತ್ತದೆ. ಹೊರೆಯಿಲ್ಲದ ಮೋಟಾರು ಎಳೆಯುವ ವಿದ್ಯುತ್ತು ಸುಮಾರು 1.5 ಆಂಪಿಯರಿನಿಂದ 2ಕ್ಕೆ ಹೋಗುತ್ತದೆ.

ಸ್ವಿಚ್ ಆರಿಸಿದರೂ ಬ್ಲೇಡು ಗಾಜಿನ ನಡುವೆ ನಿಲ್ಲದೆ ಬುಡಕ್ಕೆ ಬಂದು ಮಲಗುವುದು ಇನ್ನೊಂದು ಜಾಣ್ಮೆ. ಗಿಯರ್‌ಬಾಕ್ಸಿಗೆ ಹೊಂದಿದ ಪಾರ್ಕ್ ಸ್ವಿಚ್ ಮೂಲಕ ಮೋಟಾರಿಗೆ ವಿದ್ಯುತ್ ಬರುತ್ತಲೇ ಇರುತ್ತದೆ. ಗಿಯರ್ ಚಕ್ರದ ಮೇಲಿನ ಉಬ್ಬು (ಕ್ಯಾಮು) ಸರಿಯಾದ ಜಾಗಕ್ಕೆ ಬಂದಾಗ ಮೊದಲು ಆ ಸಂಪರ್ಕ ಕಡಿಯುತ್ತದೆ. ಮರುಕ್ಷಣವೇ ಇನ್ನೊಂದು ಸಂಪರ್ಕ ಕೂಡಿ ಆರ್ಮೇಚರಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಆಗ ಮೋಟಾರು ಜನರೇಟರಾಗಿ ತನಗೆ ತಾನೇ ಬ್ರೇಕು ಹಾಕಿಕೊಳ್ಳುತ್ತದೆ. ಈ ಎರಡನೇ ಹಂತ ಕೆಟ್ಟರೆ ಬ್ಲೇಡು ಒಮ್ಮೊಮ್ಮೆ ಒಂದೊಂದು ಕಡೆ ನಿಲ್ಲುತ್ತದೆ. ಇಂಥ ದೂರಿಗೆ ಮೋಟಾರು ಬದಲಿಸುವುದು ವ್ಯರ್ಥ ಖರ್ಚು. ಪಾರ್ಕ್ ಸ್ವಿಚ್ಚನ್ನಷ್ಟೇ ಬದಲಿಸಿದರೆ ಸಾಕು.

ದೋಷ ಪತ್ತೆ

ಫ್ಯೂಸ್, ಅರ್ತ್, ಸ್ವಿಚ್ ನೋಡಿದ ಮೇಲೆ ರ‍್ಯಾಕನ್ನು ಮೋಟಾರಿನಿಂದ ಬಿಡಿಸಿ ಮೋಟಾರನ್ನು ಒಂಟಿಯಾಗಿ ಓಡಿಸಿ ನೋಡಬೇಕು. 14ಡಬ್ಲ್ಯು ಆಗಿದ್ದು ಮೇಲಿನ ಅಂಕಿಗಳಿಗೆ ಹೊಂದಿದರೆ ಮೋಟಾರು ಚೆನ್ನಾಗಿದೆ, ಬಿಗಿತ ಬೇರೆಡೆ ಇದೆ. ವಿದ್ಯುತ್ ಹೆಚ್ಚು ಎಳೆದು ನಿಧಾನ ತಿರುಗಿದರೆ ಒಣಗಿದ ಬುಷ್, ಗಟ್ಟಿಯಾದ ಗ್ರೀಸ್ ಅಥವಾ ಆರ್ಮೇಚರಿನ ದೋಷ ಇರಬಹುದು. ಏನೂ ಎಳೆಯದಿದ್ದರೆ ಮೊದಲ ಅನುಮಾನ ಬ್ರಷ್ಷಿನ ಮೇಲೆ. ಬಳಿಕ ಬ್ಲೇಡಿನ ತೋಳುಗಳನ್ನು ತೆಗೆದು, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ರ‍್ಯಾಕನ್ನು ಎಳೆಯಬೇಕು. ಅದು ಸುಮಾರು 2.7 ಕಿಲೊ ಎಳೆತದೊಳಗೆ ಚಲಿಸಬೇಕು. ಹೆಚ್ಚು ಬೇಕಾದರೆ ಕೊಳವೆ ನಜ್ಜುಗುಜ್ಜಾಗಿದೆ, ಇಲ್ಲವೇ ವರ್ಷಗಳಿಂದ ಮುಟ್ಟದ ಗ್ರೀಸ್ ಮೇಣದಂತಾಗಿದೆ.

ದುರಸ್ತಿ

ಮೋಟಾರಿನ ಹೊರಕವಚವಾದ ಯೋಕ್ ತೆಗೆಯುವ ಮುನ್ನ ಅದರ ಮೇಲಿನ ಗುರುತನ್ನೂ ಗಿಯರ್‌ಬಾಕ್ಸ್ ಮೇಲಿನ ಗುರುತನ್ನೂ ನೋಡಿಟ್ಟುಕೊಳ್ಳಬೇಕು. 14ಡಬ್ಲ್ಯುಯ ಯೋಕನ್ನು ತಿರುಗಿಸಿ ಕೂರಿಸಿದರೆ ಅಯಸ್ಕಾಂತದ ಧ್ರುವ ಬದಲಾಗಿ ಮೋಟಾರು ಉಲ್ಟಾ ಓಡುತ್ತದೆ. ಬಿಚ್ಚಿದ ಯೋಕನ್ನು ಲೋಹದ ಪುಡಿ ಬಿದ್ದ ಮೇಜಿನ ಮೇಲೆ ಇಡಬಾರದು. ಒಳಗೆ ಹಿಡಿದ ಪುಡಿ ತೆಗೆಯುವುದು ಕಷ್ಟ. ಬ್ರಷ್ಷು ಸುಮಾರು 4.8 ಮಿಮೀಗಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕಬೇಕು. ಬ್ರಷ್ಷುಗಳು ಒತ್ತಿ ಕೂರುವ ಕಮ್ಯುಟೇಟರನ್ನು ನುಣುಪಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಪಟ್ಟಿಗಳ ನಡುವಿನ ಸಂದು ಚೊಕ್ಕ ಮಾಡಬೇಕು. ಹಳೆಯ ಗ್ರೀಸನ್ನು ಪೂರ್ತಿ ಕೆರೆದು ತೆಗೆದ ನಂತರವೇ ಹೊಸದು ಹಚ್ಚಬೇಕು. ಆರ್ಮೇಚರ್ ತನ್ನ ದಂಡದ ಉದ್ದಕ್ಕೆ ಹಿಂದೆಮುಂದೆ ಸರಿಯುವ ಆಟ 0.05–0.2 ಮಿಮೀ ಒಳಗಿರಲಿ.

ವೀಲ್‌ಬಾಕ್ಸಿನ ಗಿಯರು ಪೂರ್ಣ ಸುತ್ತು ತಿರುಗುವುದಿಲ್ಲ. ಸವೆತವೆಲ್ಲ ಅದರ ಒಂದು ಬದಿಯ ಹಲ್ಲುಗಳಲ್ಲಿ ಮಾತ್ರ. ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಜೋಡಿಸಿದರೆ ಬಳಸದ ಹಲ್ಲುಗಳು ರ‍್ಯಾಕಿಗೆ ಸಿಗುತ್ತವೆ. ಬ್ಲೇಡಿನ ಸಡಿಲ ಆಟ ಬಹುಮಟ್ಟಿಗೆ ಹೋಗುತ್ತದೆ. ಬಿಡಿಭಾಗ ಸಿಗದ ಊರಿನಲ್ಲಿ ಇದಕ್ಕಿಂತ ಅಗ್ಗದ, ನಂಬಬಹುದಾದ ಪರಿಹಾರವಿಲ್ಲ.

ಬದಲಾವಣೆ

ಆರ್ಮೇಚರ್ ಸುಟ್ಟಿದ್ದರೆ ಬದಲಿಸುವುದು ಅನಿವಾರ್ಯ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ 14ಡಬ್ಲ್ಯುಗಳಲ್ಲಿ ಗಿಯರ್ ಬೇರೆ ಬೇರೆ. ಬ್ಲೇಡು ಎಷ್ಟು ಡಿಗ್ರಿ ಆಡಬೇಕೆಂಬುದು ಗಿಯರಿನ ಮೇಲೆ ಅಚ್ಚಾಗಿರುವುದು ವಾಡಿಕೆ. ತಪ್ಪು ಗಿಯರು ಬ್ಲೇಡನ್ನು ಗಾಜಿನ ಅಂಚಿಗೆ ಬಡಿಸುತ್ತದೆ, ಇಲ್ಲವೇ ಗಾಜಿನ ಒಂದು ಭಾಗವನ್ನು ಒರೆಸದೆ ಬಿಡುತ್ತದೆ. ಎಡ ಚಾಲನೆಯ ಕಾರಿನಿಂದ ಬಂದ ಗಿಯರಿನಲ್ಲಿ ಕ್ರ್ಯಾಂಕ್ ಪಿನ್ನು ಕ್ಯಾಮಿಗೆ ಹೋಲಿಸಿದರೆ 180 ಡಿಗ್ರಿ ಆಚೆ ಇರಬಹುದು; ಬ್ಲೇಡು ಆಗ ವಿರುದ್ಧ ತುದಿಯಲ್ಲಿ ನಿಲ್ಲುತ್ತದೆ.

ಭಾರತದಲ್ಲಿ 2021ರ ನಿಯಮ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದ ವಾಹನವನ್ನು ವಿಂಟೇಜ್ ಎಂದು ಪರಿಗಣಿಸುತ್ತದೆ. ವೈಪರ್ ಮೋಟಾರು ಆ ಪಟ್ಟಿಯಲ್ಲಿಲ್ಲ. ಆದರೂ ಮೂಲಭಾಗಗಳನ್ನು ಉಳಿಸಿಕೊಳ್ಳುವುದು ಒಳ್ಳೆಯ ಸಂರಕ್ಷಣೆ. ಹೊಸ ಮೋಟಾರು ಹಾಕಿದರೂ ಹಳೆಯದರ ಗಿಯರ್ ಚಕ್ರವನ್ನು ಗುಜರಿಗೆ ಕೊಡಬಾರದು. ಆ ಕಾರಿನ ಗಾಜಿಗೆ ಹೊಂದುವ ಕೋನ, ನಿಲುಗಡೆಯ ಬದಿ ಎರಡನ್ನೂ ಖಚಿತವಾಗಿ ಹೇಳುವುದು ಅದೇ.