ಕಸಿಯ ವಿದ್ಯೆ ಮತ್ತು ನಮ್ಮ ಹಿತ್ತಿಲ ಮಾವು

12ನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ ನಗರದ ವಿದ್ವಾಂಸ ಇಬ್ನುಲ್ ಅವ್ವಾಮ್ ತಮ್ಮ ಕೃಷಿಗ್ರಂಥ ‘ಕಿತಾಬುಲ್ ಫಿಲಾಹ’ದಲ್ಲಿ ಕಸಿ ಕಟ್ಟುವ ವಿಧಾನಗಳನ್ನು ವಿವರಿಸಿದರು. ಅದೇ ವಿದ್ಯೆಯನ್ನು ನಮ್ಮ ಕಾಲದಲ್ಲಿ ಬೆಳಗಿಸಿದವರು ಉತ್ತರ ಪ್ರದೇಶದ ಮಲಿಹಾಬಾದಿನ ಹಾಜಿ ಕಲೀಮುಲ್ಲಾ ಖಾನ್. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಅವರು ಒಂದೇ ಹಳೆಯ ಮಾವಿನ ಮರಕ್ಕೆ 300ಕ್ಕೂ ಹೆಚ್ಚು ತಳಿಗಳನ್ನು ಕಸಿ ಕಟ್ಟಿದರು. 2008ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಮ್ಮ ಹಿತ್ತಿಲುಗಳಲ್ಲಿ ಅಜ್ಜಂದಿರು ನೆಟ್ಟ ಮಾವಿನ ಮರಗಳು ಹೊಸ ಮನೆಗಳಿಗಾಗಿ ಉರುಳುತ್ತಿವೆ. ಗೊರಟಿನಿಂದ ಹುಟ್ಟಿದ ಸಸಿ ತಾಯಿಮರದ ರುಚಿಯನ್ನೇ ಕೊಡುವುದೆಂಬ ಭರವಸೆಯಿಲ್ಲ. ಕಡಿಯುವ ಮುನ್ನ ತೆಗೆದ ಒಂದು ಗೇಣು ಕಡ್ಡಿಯನ್ನು ಇನ್ನೊಂದು ಮಾವಿಗೆ ಕಸಿ ಕಟ್ಟಿದರೆ ಆ ರುಚಿ ಉಳಿಯುತ್ತದೆ. ನೆಟ್ಟ ಗಿಡದ ಫಲವನ್ನು ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ಸದಕವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಹಿರಿಯರ ಆ ಸದಕವನ್ನು ಕೊಡಲಿಗೆ ಒಪ್ಪಿಸದೆ ಮುಂದುವರಿಸುವ ಹೊಣೆ ನಮ್ಮದು.