ಸಣ್ಣ ಉದ್ದಿಮೆಗಳಲ್ಲಿ ಇಂಧನ ದಕ್ಷತೆ

ಸಣ್ಣ ಉದ್ದಿಮೆಗಳಲ್ಲಿ ಇಂಧನ ದಕ್ಷತೆ ಎಂದರೆ ಉತ್ಪಾದನೆಯ ಪ್ರಮಾಣವನ್ನಾಗಲಿ ಗುಣಮಟ್ಟವನ್ನಾಗಲಿ ಕುಗ್ಗಿಸದೆ, ಕಡಿಮೆ ವಿದ್ಯುತ್ ಮತ್ತು ಉರುವಲಿನಿಂದ ಅದೇ ಕೆಲಸವನ್ನು ಸಾಧಿಸುವುದು. ಇದರಿಂದ ಉದ್ದಿಮೆದಾರನ ಖರ್ಚು ತಗ್ಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗೂ ಹೊಗೆಯ ಹೊರಸೂಸುವಿಕೆಯೂ ಕಡಿಮೆಯಾಗುತ್ತದೆ. ಭಾರತದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚಿರುವುದರಿಂದ, ಉಳಿಸಿದ ಪ್ರತಿ ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ.

ವ್ಯರ್ಥವಾಗುವ ಬಗೆ

ಸಣ್ಣ ಕಾರ್ಖಾನೆಗಳಲ್ಲಿ ವಿದ್ಯುತ್ತಿನ ಬಹುಪಾಲನ್ನು ಬಳಸುವುದು ಸಾಮಾನ್ಯವಾಗಿ ಮೋಟಾರುಗಳು. 7.5 ಕಿಲೋವ್ಯಾಟ್ ಸಾಮರ್ಥ್ಯದ, ಶೇ. 90ರಷ್ಟು ದಕ್ಷತೆಯ ಮೋಟಾರೊಂದು ಪೂರ್ಣ ಹೊರೆಯಲ್ಲಿ ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ 40,000 ಯೂನಿಟ್ ಬೇಕಾಗುತ್ತದೆ. ಯೂನಿಟ್ಟಿಗೆ 7 ರೂಪಾಯಿಯಂತೆ ಲೆಕ್ಕ ಹಾಕಿದರೂ ಇದು 2.8 ಲಕ್ಷ ರೂಪಾಯಿ, ಅಂದರೆ ಮೋಟಾರಿನ ಬೆಲೆಯ ಹಲವು ಪಟ್ಟು. ಆದರೂ ಖರೀದಿಯ ವೇಳೆ ಬೆಲೆಯನ್ನು ಮಾತ್ರ ನೋಡುವ ರೂಢಿಯಿದೆ. ಸುಟ್ಟ ಮೋಟಾರಿಗೆ ಮತ್ತೆ ಮತ್ತೆ ವೈಂಡಿಂಗ್ ಮಾಡಿಸುವುದು ಅಗ್ಗವೆನಿಸಿದರೂ, ಕೆಲಸ ಸರಿಯಾಗಿ ಆಗದಿದ್ದರೆ ದಕ್ಷತೆ ಕುಸಿಯುತ್ತದೆ.

ಪಂಪು ಮತ್ತು ಫ್ಯಾನುಗಳಲ್ಲಿ ಉಳಿತಾಯದ ಅವಕಾಶ ಇನ್ನೂ ದೊಡ್ಡದು. ಇವುಗಳಿಗೆ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ, ವೇಗವನ್ನು ಶೇ. 20ರಷ್ಟು ಇಳಿಸಿದರೆ ತಾತ್ತ್ವಿಕವಾಗಿ ಶಕ್ತಿಯ ಬಳಕೆ ಅರ್ಧಕ್ಕೆ ಬರುತ್ತದೆ. ಕವಾಟವನ್ನು ಅರ್ಧ ಮುಚ್ಚಿ ಹರಿವನ್ನು ನಿಯಂತ್ರಿಸುವ ಹಳೆಯ ಪದ್ಧತಿಯಲ್ಲಿ ಈ ಲಾಭ ಸಿಗುವುದಿಲ್ಲ. ಕಂಪ್ರೆಸರ್ ಬಳಸುವಲ್ಲಿ ಕೊಳವೆಗಳ ಸೋರಿಕೆಯೇ ಮುಖ್ಯ ನಷ್ಟ. ಯಂತ್ರಗಳು ನಿಂತಿರುವಾಗ ಕಂಪ್ರೆಸರ್ ಎಷ್ಟು ಸಲ ತಾನಾಗಿ ಚಾಲೂ ಆಗುತ್ತದೆಂದು ಗಮನಿಸಿದರೆ ಸೋರಿಕೆಯ ಅಂದಾಜು ಖರ್ಚಿಲ್ಲದೆ ಸಿಗುತ್ತದೆ.

ಫಿರೋಜಾಬಾದಿನ ಕುಲುಮೆಗಳು

ಉತ್ತರ ಪ್ರದೇಶದ ಫಿರೋಜಾಬಾದ್ ಗಾಜಿನ ಬಳೆಗಳಿಗೆ ಹೆಸರಾದ ಊರು. ತಾಜ್ ಮಹಲಿನ ಸುತ್ತಲಿನ ವಾಯುಮಾಲಿನ್ಯದ ಕುರಿತ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ನೀಡಿದ ತೀರ್ಪು, ಆ ಪ್ರದೇಶದ ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಅಲ್ಲಿಂದ ತೆರಳಬೇಕು ಎಂದಿತು. ಕಲ್ಲಿದ್ದಲಿನ ಕುಲುಮೆಯನ್ನು ನಂಬಿದ್ದ ಮಾಲೀಕರಿಗೂ ಕೆಲಸಗಾರರಿಗೂ ಇದು ಜೀವನೋಪಾಯದ ಪ್ರಶ್ನೆಯಾಯಿತು. ಹಳೆಯ ಕುಲುಮೆಗೆ ಅನಿಲದ ಬರ್ನರ್ ಜೋಡಿಸಿದರೆ ಆದೇಶದ ಪಾಲನೆಯೇನೋ ಆಗುತ್ತಿತ್ತು, ಆದರೆ ಬಿಸಿ ಹೊಗೆಯೊಂದಿಗೆ ಶಾಖವೂ ಹೊರಹೋಗುತ್ತಿತ್ತು. ದೆಹಲಿಯ ಟೆರಿ ಸಂಸ್ಥೆಯು ಸ್ವಿಸ್ ಅಭಿವೃದ್ಧಿ ಸಹಕಾರ ಸಂಸ್ಥೆಯ ನೆರವಿನಿಂದ, ಹೊರಹೋಗುವ ಹೊಗೆಯಿಂದಲೇ ದಹನದ ಗಾಳಿಯನ್ನು ಮುಂಚಿತವಾಗಿ ಕಾಯಿಸುವ ಹೊಸ ಅನಿಲ ಕುಲುಮೆಯನ್ನು ರೂಪಿಸಿತು. ಇಂಧನವನ್ನು ಬದಲಿಸುವುದು ಬೇರೆ, ಉಳಿಸುವುದು ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕರ್ನಾಟಕದ ರೇಷ್ಮೆ ಘಟಕಗಳು

ರಾಮನಗರ, ಶಿಡ್ಲಘಟ್ಟ ಮೊದಲಾದೆಡೆ ರೇಷ್ಮೆಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಸಣ್ಣ ಘಟಕಗಳಿವೆ. ಇಲ್ಲಿ ಸೌದೆಯೇ ಸಾಂಪ್ರದಾಯಿಕ ಉರುವಲು. ಒಲೆಯ ಹೊಗೆಯನ್ನು ಮೊದಲು ಉಸಿರಾಡುವವರು ಚರಕದ ಬಳಿ ಕುಳಿತ ಕೆಲಸಗಾರರು. ಸೌದೆಯನ್ನು ಅನಿಲವಾಗಿಸಿ ಉರಿಸುವ ಗ್ಯಾಸಿಫೈಯರ್ ಒಲೆಗಳನ್ನು ಟೆರಿ ಇಂಥ ಘಟಕಗಳಿಗಾಗಿಯೂ ಅಭಿವೃದ್ಧಿಪಡಿಸಿತು.

ಕಾನೂನು ಮತ್ತು ಸಂಸ್ಥೆಗಳು

ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಅಂಗೀಕಾರವಾಯಿತು. ಅದರಡಿ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಉಪಕರಣಗಳಿಗೆ ನಕ್ಷತ್ರಪಟ್ಟಿ ನೀಡುವ ಈ ಸಂಸ್ಥೆಯು ಸಣ್ಣ ಕೈಗಾರಿಕಾ ಸಮೂಹಗಳಲ್ಲಿ ಇಂಧನ ಲೆಕ್ಕಪರಿಶೋಧನೆಯ ಕಾರ್ಯಕ್ರಮಗಳನ್ನೂ ನಡೆಸಿದೆ. ಸಾಲದ ನೆರವಿನಲ್ಲಿ ಸಿಡ್ಬಿ ಪಾತ್ರ ವಹಿಸಿದೆ.

ಅಡೆತಡೆಗಳು

ತಂತ್ರಜ್ಞಾನ ಲಭ್ಯವಿದ್ದರೂ ಅಳವಡಿಕೆ ನಿಧಾನ. ಸಣ್ಣ ಉದ್ದಿಮೆಯ ಮಾಲೀಕನೇ ಖರೀದಿ, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ನೋಡಿಕೊಳ್ಳುವುದರಿಂದ ವಿದ್ಯುತ್ ಬಿಲ್ಲಿನ ವಿಶ್ಲೇಷಣೆಗೆ ಬಿಡುವು ಸಿಗುವುದಿಲ್ಲ. ಹೊಸ ಯಂತ್ರ ಕೂರಿಸಲು ಉತ್ಪಾದನೆ ನಿಲ್ಲಿಸಿದರೆ ಆದೇಶಗಳು ಕೈತಪ್ಪುವ ಭಯವಿರುತ್ತದೆ. ಬಾಡಿಗೆ ಶೆಡ್‌ಗಳ ಸಮಸ್ಯೆ ಇನ್ನೂ ಜಟಿಲ: ಚಾವಣಿ ಅಥವಾ ವೈರಿಂಗ್ ಸುಧಾರಿಸಬೇಕಾದವನು ಕಟ್ಟಡದ ಒಡೆಯ, ಬಿಲ್ಲು ಕಟ್ಟುವವನು ಬಾಡಿಗೆದಾರ. ಉಳಿತಾಯದ ಹಣದಿಂದಲೇ ಹೂಡಿಕೆಯನ್ನು ವಸೂಲು ಮಾಡಿಕೊಳ್ಳುವ ಇಂಧನ ಸೇವಾ ಕಂಪನಿಗಳು ಹೂಡಿಕೆಯ ತೊಡಕನ್ನು ಸ್ವಲ್ಪಮಟ್ಟಿಗೆ ನಿವಾರಿಸುತ್ತವೆ. ಆದರೆ ಒಂದೊಂದೇ ಸಣ್ಣ ಘಟಕದಲ್ಲಿ ಉಳಿಯುವ ಮೊತ್ತ ಚಿಕ್ಕದಾದ್ದರಿಂದ, ಅವು ಹೆಚ್ಚಾಗಿ ದೊಡ್ಡ ಗ್ರಾಹಕರತ್ತಲೇ ಒಲವು ತೋರುತ್ತವೆ.