ಕಳ್ಳಿಗೂ ಬಂದ ಕೊಳೆ

ಕಳೆದ ಆಷಾಢದಲ್ಲಿ ಮುಂಬಯಿಯ ಮಳೆ ನಾಲ್ಕು ದಿನ ಬಿಡದೆ ಸುರಿದು ಐದನೆಯ ದಿನ ಹೊಳವಾಯಿತು. ಅಂದು ಬೆಳಿಗ್ಗೆ ನೋಡಿದರೆ, ನಮ್ಮ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಹನ್ನೊಂದು ವರ್ಷದಿಂದ ನೆಟ್ಟಗೆ ನಿಂತಿದ್ದ ಕಂಬಗಳ್ಳಿ ಪಕ್ಕಕ್ಕೆ ವಾಲಿಕೊಂಡಿತ್ತು. ವರ್ಗವಾಗಿ ಹೋದ ನೆರೆಮನೆಯವರು ನೆನಪಿಗೆಂದು ಕೊಟ್ಟುಹೋದ ಕುಂಡ ಅದು. ಬುಡ ಕಂದು ಬಣ್ಣಕ್ಕೆ ತಿರುಗಿ, ಬೆರಳು ಒಳಗಿಳಿಯುವಷ್ಟು ಮೆತ್ತಗಾಗಿತ್ತು. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮ ತಾಯಿಯವರು ಕನ್ನಡಕ ಏರಿಸಿಕೊಂಡು ನೋಡಿ, "ಇದಕ್ಕೆ ಕೊಳೆ ಬಂದಿದೆಯಲ್ಲೋ" ಎಂದರು. ಕೊಳೆರೋಗ ಬರುವುದು ಅಡಿಕೆಗೆ, ಇದು ಅಮೆರಿಕದ ಗಿಡ ಎಂದು, ಬಿ.ಎಸ್ಸಿ. ಓದಿದ ಗತ್ತಿನಲ್ಲಿ ನಾವು ನಕ್ಕುಬಿಟ್ಟೆವು. ಆಮೇಲೆ ಈ ರೋಗದ ಇತಿಹಾಸವನ್ನು ತಿರುವಿ ಹಾಕಿದಾಗ, ನಗಬೇಕಾದವರು ತಾಯಿಯವರೇ ಹೊರತು ನಾವಲ್ಲ ಎಂದು ತಿಳಿಯಿತು. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳ್ಳಿ, ಕತ್ತಾಳೆ, ಲೋಳೆಸರಗಳಂಥ ರಸಭರಿತ ಸಸ್ಯಗಳು ಬರಗಾಲಕ್ಕೆಂದೇ ಸಿದ್ಧವಾದವು. ಸಿಕ್ಕ ನೀರನ್ನು ಕಾಂಡದಲ್ಲೋ ಎಲೆಯಲ್ಲೋ ತುಂಬಿಟ್ಟುಕೊಂಡು, ದಪ್ಪ ತೊಗಲು ಹೊದ್ದು ಕಾಲ ನೂಕುತ್ತವೆ. ನೀರಿಲ್ಲದ್ದನ್ನು ತಾಳಬಲ್ಲ ಈ ಗಿಡಗಳು ಬುಡದಲ್ಲಿ ನಿಂತ ನೀರನ್ನು ಮಾತ್ರ ತಾಳಲಾರವು. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯೂ ಸೇರಿದಂತೆ ಕ್ಯಾಕ್ಟಸ್ ಜಾತಿಯ ತೌರು ಅಮೆರಿಕ ಖಂಡ. ಅಲ್ಲಿಂದ ಅವು ಯುರೋಪಿನ ಗಾಜಿನ ಮನೆಗಳಿಗೆ ಹೋದವು. ರೋಗದ ಕಥೆ ಶುರುವಾಗುವುದು ಅಲ್ಲಿಯೇ.

ಅದಕ್ಕೆ ಮೊದಲು ಆಲೂಗಡ್ಡೆಯ ಮಾತು ಬರಬೇಕು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳು ಕೊಳೆತುಹೋದವು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಜ್ವರಗಳಿಂದಲೂ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಗಿಡ ಮೊದಲು ಕೊಳೆಯುತ್ತದೆ, ಕೊಳೆತದ್ದರ ಮೇಲೆ ಬೂಷ್ಟು ಹುಟ್ಟುತ್ತದೆ ಎಂಬುದು ಆಗಿನ ಪಂಡಿತರಲ್ಲಿ ಬಹುಮಂದಿಯ ಅಭಿಪ್ರಾಯ. ಬೂಷ್ಟೇ ರೋಗಕ್ಕೆ ಕಾರಣ ಎಂದು ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್‌ಲಿ 1846ರಲ್ಲಿ ವಾದಿಸಿದರು, ಒಪ್ಪಿದವರು ಕಡಿಮೆ. 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗ ಮಾಡಿ ತೋರಿಸಿದ ಮೇಲೆ ಆ ವಾದ ನಿಂತಿತು. ಇದು ಬರಿಯ ಪಂಡಿತರ ಜಗಳವಲ್ಲ. ಬೂಷ್ಟು ಕೊಳೆಯ ಫಲವಾದರೆ ಮನುಷ್ಯ ಮಾಡುವಂಥದ್ದೇನೂ ಇಲ್ಲ. ಕಾರಣವಾದರೆ ಅದನ್ನು ತಡೆಯಬಹುದು.

ಇನ್ನು ಕಳ್ಳಿಗೆ ಬರೋಣ. 1870ರಲ್ಲಿ ಬ್ರೆಸ್ಲೌ ನಗರದ (ಇಂದು ಅದು ಪೋಲೆಂಡಿನ ವ್ರೊತ್ಸ್ವಾಫ್) ಹರ್ಮನ್ ಲೇಬರ್ಟ್ ಮತ್ತು ಫರ್ಡಿನಂಡ್ ಕೋನ್ ಎಂಬಿಬ್ಬರು ಕೊಳೆತ ಕ್ಯಾಕ್ಟಸ್ ಕಾಂಡಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಒಳಗೆ ಹಬ್ಬಿದ್ದ ಒಂದು ಜೀವಿಯನ್ನು ವರ್ಣಿಸಿದರು. ಅದಕ್ಕೆ 'ಕ್ಯಾಕ್ಟೋರಮ್' ಎಂದು ಹೆಸರಿಟ್ಟರು. ಕಳ್ಳಿಗಳದು ಎಂದು ಅರ್ಥ. 1876ರಲ್ಲಿ ಡಿ ಬಾರಿ ಆಲೂಗಡ್ಡೆಯ ರೋಗಕಾರಿಗೆ 'ಫೈಟಾಫ್ತೊರ', ಎಂದರೆ ಸಸ್ಯನಾಶಕ, ಎಂಬ ಕುಲನಾಮ ಕೊಟ್ಟರು. 1886ರಲ್ಲಿ ಶ್ರೋಟರ್ ಎಂಬವರು ಕಳ್ಳಿಯದನ್ನೂ ಅದೇ ಕುಲಕ್ಕೆ ಸೇರಿಸಿದರು. ಕಳ್ಳಿಯ ಹೆಸರು ಹೊತ್ತ ಈ ಜೀವಿ ಸೇಬಿನ ಮರವನ್ನೂ ಸ್ಟ್ರಾಬೆರಿ ಗಿಡವನ್ನೂ ಬಿಡದು. ಈ ಗುಣವನ್ನು ಕಂಡೇ ಡಿ ಬಾರಿ 1881ರಲ್ಲಿ ಅದಕ್ಕೆ 'ಓಮ್ನಿವೋರ', ಸರ್ವಭಕ್ಷಕ, ಎಂಬ ಹೆಸರು ಸೂಚಿಸಿದ್ದರು. ಈ ಹೆಸರನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು.

ನಮ್ಮ ನಾಡಿನಲ್ಲಿ ಕೊಳೆರೋಗ ಎಂಬ ಮಾತು ಹಳೆಯದು. 1876ರಲ್ಲಿಯೇ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬವರು ಮೈಸೂರು ಸೀಮೆಯ ಕಾಫಿ ಎಲೆಗಳನ್ನು ಕೊಳೆಸುವ ಬೇರೊಂದು ಶಿಲೀಂಧ್ರಕ್ಕೆ ಹೆಸರಿಡುವಾಗ, ಲ್ಯಾಟಿನ್ ಪದದ ಪಕ್ಕದಲ್ಲಿ 'ಕೊಳೆರೋಗ' ಎಂಬ ಕನ್ನಡ ಪದವನ್ನೇ ಕೂಡಿಸಿದರು. ಆದರೆ ಮಲೆನಾಡಿನವರಿಗೆ ಕೊಳೆ ಎಂದರೆ ಮೊದಲು ಅಡಿಕೆಯದೇ. ದಕ್ಷಿಣ ಕನ್ನಡದವರು ಇದನ್ನು ಮಹಾಳಿ ಎನ್ನುತ್ತಾರೆ. ಜಡಿಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಬುಡದ ತುಂಬ ಉದುರುತ್ತವೆ. ಕೊಳೆ ಬಂದ ವರ್ಷ ಮದುವೆ ಮುಂದಕ್ಕೆ ಹೋಗುತ್ತಿತ್ತು, ಸಾಲ ಏರುತ್ತಿತ್ತು. ನಮ್ಮ ಸೋದರಮಾವನವರು ಅಂಥದೊಂದು ಮಳೆಗಾಲದ ಮರುವರ್ಷವೇ ಮುಂಬಯಿಗೆ ಬಂದರು. ಅವರ ಬೆನ್ನಿಗೆ ನಮ್ಮ ಮನೆಯೂ ಬಂತು. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳ ಕಥೆ ಇದೇ ಇರಬಹುದು.

1908ರಲ್ಲಿ ಮೈಸೂರು ಸಂಸ್ಥಾನ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯನ್ನು ಕರೆಸಿಕೊಂಡಿತು. ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದವರು ಇವರೇ. ಅವರು ಅಡಿಕೆಯ ಕೊಳೆಯನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಿಗೆ ಅವರು ಕೊಟ್ಟ ಹೆಸರು 'ಫೈಟಾಫ್ತೊರ ಓಮ್ನಿವೋರ'ದ ಅಡಿಕೆಯ ಬಗೆ ಎಂದು! ಬ್ರೆಸ್ಲೌನ ಕಳ್ಳಿಯನ್ನು ಕೊಳೆಸಿದ್ದನ್ನೂ ಒಳಗೊಂಡ ಅದೇ ಹೆಸರು. ಮುಂದಿನ ಸಂಶೋಧಕರು ಅಡಿಕೆಯದು ಬೇರೆ ಜಾತಿ ಎಂದು ಪ್ರತ್ಯೇಕಿಸಿದರು. ಕುಲ ಮಾತ್ರ ಒಂದೇ ಉಳಿಯಿತು. ಕಳ್ಳಿಯನ್ನು ನೋಡಿ ಕೊಳೆ ಎಂದ ನಮ್ಮ ತಾಯಿಯವರ ಮಾತಿಗೆ ಶಾಸ್ತ್ರದ ಆಧಾರ ಹೀಗೆ ಸಿಕ್ಕಿತು.

ಇಂದಿನ ವಿಜ್ಞಾನ ಈ ಕುಲವನ್ನು ನಿಜವಾದ ಶಿಲೀಂಧ್ರಗಳ ಸಾಲಿನಿಂದ ಹೊರಗಿಟ್ಟು, ಪಾಚಿಗಳಿಗೆ ಹತ್ತಿರವಾದ ಜಲಬೂಷ್ಟು ಎಂದು ಗುರುತಿಸುತ್ತದೆ. ಇದರ ಬೀಜಕಣಗಳಿಗೆ ಬಾಲವುಂಟು. ನೀರಿನಲ್ಲಿ ಈಜಿಕೊಂಡೇ ಗಿಡವನ್ನು ತಲುಪುತ್ತವೆ. ಇದನ್ನರಿಯದೆಯೇ ನಮ್ಮ ಹಿರಿಯರು ಮಳೆಗಾಲಕ್ಕೆ ಮೊದಲೇ ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟಿ ನೀರು ತಾಕದಂತೆ ಕಾಯುತ್ತಿದ್ದರು. ಕೋಲ್ಮನ್ನರು ಅದಕ್ಕೆ ಬದಲಾಗಿ ಬೋರ್ಡೋ ದ್ರಾವಣ ಸಿಂಪಡಿಸಿ ತೋರಿಸಿದರು. ಅದರ ಹುಟ್ಟೂ ಸ್ವಾರಸ್ಯದ್ದು. 1882ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿದಿದ್ದರು. ಬಳಿದ ಬಳ್ಳಿಗಳಿಗೆ ಬೂಷ್ಟು ರೋಗ ಬಾರದ್ದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಕಂಡು, ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ಸುಮಾರು 40-45 ದಿನಗಳ ಮೇಲೆ. ಬಂದ ರೋಗವನ್ನು ಇದು ವಾಸಿ ಮಾಡುವುದಿಲ್ಲ, ಬಾರದಂತೆ ಕಾಯುತ್ತದೆ. ಕೊಟ್ಟೆಯ ಬುದ್ಧಿಯೂ ಬೋರ್ಡೋ ಬುದ್ಧಿಯೂ ಒಂದೇ.

ನಮ್ಮ ಕುಂಡಗಳಿಗೂ ಇದೇ ಪಾಠ. ಕಳ್ಳಿಯ ಬುಡ ಕೊಳೆಸುವುದು ಇದೊಂದೇ ಅಲ್ಲ, ಫ್ಯುಸೇರಿಯಂ ಮೊದಲಾದ ನಿಜ ಶಿಲೀಂಧ್ರಗಳೂ ಉಂಟು. ಬರಿಗಣ್ಣಿಗೆ ಭೇದ ತಿಳಿಯದು. ಉಪಾಯ ಮಾತ್ರ ಒಂದೇ. ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸಬೇಕು. ಕುಂಡದ ತೂತು ಕಟ್ಟಿರಬಾರದು, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಕುಂಡ ಸೂರಿನಡಿ ಇರಬೇಕು. ಕೊಳೆ ಬಂದೇಬಿಟ್ಟರೆ, ಬೆಂಕಿಗೆ ಹಿಡಿದು ಆರಿಸಿದ ಚಾಕುವಿನಿಂದ ಮೇಲ್ಭಾಗವನ್ನು ಕತ್ತರಿಸಬೇಕು. ಕತ್ತರಿಸಿದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ, ಪ್ರತಿ ಸಲವೂ ಚಾಕುವನ್ನು ಶುದ್ಧ ಮಾಡಬೇಕು. ಉಳಿದ ತುಂಡನ್ನು ನೆರಳಿನಲ್ಲಿ ಗಾಯ ಒಣಗಿ ಗಟ್ಟಿಯಾಗುವವರೆಗೆ, ಒಂದೆರಡು ವಾರವಾದರೂ ಸರಿಯೇ, ಬಿಟ್ಟು ಒಣ ಮಣ್ಣಿನಲ್ಲಿ ನೆಡಬೇಕು. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬಾರದು.

ನಮ್ಮ ಕಳ್ಳಿಯಲ್ಲಿ ಉಳಿದದ್ದು ತುದಿಯ ಒಂದು ಗೇಣು. ದೀಪಾವಳಿಯ ಹೊತ್ತಿಗೆ ಅದು ಬೇರು ಬಿಟ್ಟಿತು. ಈ ವರ್ಷ ಮೇ ತಿಂಗಳು ಮುಗಿಯುವ ಮೊದಲೇ ನಮ್ಮ ತಾಯಿಯವರು ಕುಂಡಗಳನ್ನೆಲ್ಲ ಗೋಡೆಯ ಬದಿಗೆ ಸರಿಸಿಟ್ಟಿದ್ದರು. ಆಕಾಶದಲ್ಲಿ ಮೋಡವೇ ಇಲ್ಲವಲ್ಲಮ್ಮಾ ಎಂದೆವು. "ಕೊಟ್ಟೆ ಕಟ್ಟುವುದು ಮೋಡ ಬಂದ ಮೇಲಲ್ಲ" ಎಂದರು. ಈ ಸಲ ನಾವು ನಗಲಿಲ್ಲ. ಉಳಿದೊಂದು ಕುಂಡವನ್ನು ನಾವೇ ಎತ್ತಿಟ್ಟೆವು.